ಆ ಹುಡುಗಿ ಮುಗಿಸಿದ್ಲಾ?

ಆಗಸ್ಟ್ 13 ಬಂತೆಂದರೆ ನಮ್ಮ ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಪಾಪ್ ಗಾಯಕಿ ನಾಜಿಯಾ ಹಸನ್ ಮತ್ತೆ ಸಾಯುತ್ತಾಳೆ. ಯಾರೋ ಒಬ್ಬ ಹಳೇ ಫಾರ್ವರ್ಡ್ ತಳ್ಳುತ್ತಾನೆ. ಉಳಿದವರು ಓದುವ ಗೋಜಿಗೆ ಹೋಗದೆ ಕೈ ಮುಗಿಯುತ್ತಾರೆ. ಈ ಸಲವಂತೂ ಒಬ್ಬ, 'ಅಯ್ಯೋ, ಯಾವಾಗ? ಹಾರ್ಟ್ ಅಟ್ಯಾಕಾ?' ಎಂದು ಕೇಳಿದ. ಆಕೆ ಹೋಗಿದ್ದು 2000ದಲ್ಲಿ ಮಾರಾಯ, ಲಂಡನ್ನಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್, ಬರೀ 35 ವರ್ಷ ಎಂದು ಬರೆದೆ. ಅದಕ್ಕೂ ಕೈ ಮುಗಿದ.

ಇವರಲ್ಲಿ ಅರ್ಧ ಜನ ಆಕೆಯ ಹಾಡು ಕೇಳಿದ್ದು ನಮ್ಮನೆ ಟೇಪ್‌ರೆಕಾರ್ಡರಿನಲ್ಲಿ. ಇನ್ನರ್ಧ ಜನ ಕೇಳಿಯೇ ಇಲ್ಲ, ಆಗ ಮೈದಾನದಲ್ಲಿ ಕ್ರಿಕೆಟ್ ಆಡಿಕೊಂಡಿದ್ದರು. ಈಗ ನೋಡಿದರೆ ಆಕೆ ಎಲ್ಲರ 'ಯೌವನದ ದನಿ'ಯಂತೆ. ಹೊಟ್ಟೆ ಉರಿಯುತ್ತೆ. ಅಳುವುದಕ್ಕಾದರೂ ಒಂದು ಹಕ್ಕು ಬೇಡವಾ?

ಹಿಂದಿ ಸಿನಿಮಾ 'ಕುರ್ಬಾನಿ'ಗೆ ಹಾಡಿ 1980ರಲ್ಲಿ ದೇಶವನ್ನೆಲ್ಲ ಕುಣಿಸಿದಾಗ ಆಕೆಗೆ 15. ನಮಗೂ ಹೆಚ್ಚುಕಡಿಮೆ ಅಷ್ಟೇ. ಮರುವರ್ಷ ತಮ್ಮ ಝೊಹೇಬ್ ಜೊತೆ 'ಡಿಸ್ಕೋ ದೀವಾನೆ' ಆಲ್ಬಮ್ ತಂದಳು. ಆಗ ಹಾಸನದಲ್ಲಿ ನಾವು ಆಕೆಯ ಮುಖ ನೋಡಿದ್ದು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮಾತ್ರ. ಸಾಲಗಾಮೆ ರಸ್ತೆಯಲ್ಲಿ ಉಪಗ್ರಹ ನಿಯಂತ್ರಣ ಕೇಂದ್ರ ಬಂದಿದ್ದು 1982ರಲ್ಲಿ. ಉಪಗ್ರಹವನ್ನು ನಮ್ಮೂರಿನಿಂದ ಆಡಿಸುತ್ತಿದ್ದರೂ ನಮ್ಮ ಬೀದಿಗೆ ಟೀವಿ ಬರಲು ಇನ್ನೂ ಕಾಯಬೇಕಾಯಿತು. ಆ ಹೊದಿಕೆಯ ಮೇಲೆ ಇಂಗ್ಲಿಷಿನಲ್ಲಿ HASSAN ಎಂದಿದ್ದದ್ದು ನೋಡಿ, ರೈಲ್ವೆ ಸ್ಟೇಷನ್ ಬೋರ್ಡಿನಲ್ಲೂ ಇದೇ ಇದೆ, ಇವಳು ನಮ್ಮೂರವಳೇ ಎಂದು ಒಬ್ಬ ಗೆಳೆಯ ಆಣೆ ಮಾಡಿದ್ದ. ಆಕೆ ಕರಾಚಿಯವಳು. ಆದರೆ ಸಂಗೀತ ಕೊಟ್ಟ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು, ನಮ್ಮ ಪಕ್ಕದ ಜಿಲ್ಲೆಯ ಕಡೆಯವರು. ಅದು ಗೊತ್ತಿದ್ದರೆ ಅವನನ್ನು ಹಿಡಿಯೋರು ಯಾರೂ ಇರುತ್ತಿರಲಿಲ್ಲ.

ಅಂಗಡಿಯ ಅಸಲಿ ಕ್ಯಾಸೆಟ್ ಕೊಳ್ಳುವಷ್ಟು ದುಡ್ಡು ಯಾರಲ್ಲಿತ್ತು? ಬಸ್ ಸ್ಟ್ಯಾಂಡ್ ಹತ್ತಿರ ಒಂದು ರೆಕಾರ್ಡಿಂಗ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ ಮತ್ತು ಹಾಡುಗಳ ಚೀಟಿ ಕೊಟ್ಟು ಬಂದರೆ ವಾರದಲ್ಲಿ ತುಂಬಿಸಿ ಕೊಡುತ್ತಿದ್ದರು. ಅಂಗಡಿಯವರಿಗೆ ಒಂದು ಚಟ. ಕ್ಯಾಸೆಟ್ಟಿನ ಕೊನೆಯಲ್ಲಿ ಎರಡು ನಿಮಿಷದ ರೀಲು ಉಳಿದರೂ ಅವರಿಗೆ ತಡೆಯುತ್ತಿರಲಿಲ್ಲ. 'ಖಾಲಿ ಬಿಟ್ರೆ ದಂಡ ಅಲ್ವೇನಪ್ಪ?' ಎಂದು ತಮಗೆ ತೋಚಿದ್ದನ್ನು ತುಂಬಿಬಿಡುತ್ತಿದ್ದರು. ಒಬ್ಬನ ಇಂಗ್ಲಿಷ್ ಹಾಡುಗಳ ಕೊನೆಗೆ ನಾದಸ್ವರ. ಇನ್ನೊಬ್ಬ ಅಕ್ಕನ ಮದುವೆಗೆಂದು ಮಾಡಿಸಿದ ಕ್ಯಾಸೆಟ್ಟಿನಲ್ಲಿ, ನಾಟಕದ ಯಾವುದೋ ಸಾವಿನ ಸೀನು. ಛತ್ರದಲ್ಲಿ ಊಟದ ಹೊತ್ತಿಗೆ ಸರಿಯಾಗಿ ಒಬ್ಬ ಹೆಂಗಸು ಗೋಳಾಡಿದ್ದನ್ನು ಬೀಗರು ಕೇಳಿಸಿಕೊಂಡರು. ಜಗಳವಾಯಿತು. ಅಂಗಡಿಯವರು ಜಗ್ಗಲಿಲ್ಲ. 'ಅದಕ್ಕೇನು ದುಡ್ಡು ತಗೊಂಡಿದೀನಾ?' ಎಂದರಂತೆ.

ನನ್ನ ನಾಜಿಯಾಳ ಹಿಂದೆ ಬಂದದ್ದು ಒಂದು ದಾಸರ ಪದ. ಯಾರೋ ಗಂಡಸು, ಬರೀ ತಂಬೂರಿ. ಪಲ್ಲವಿ ಮುಗಿದು ಚರಣಕ್ಕೆ ಉಸಿರು ತೆಗೆದುಕೊಳ್ಳುತ್ತಾನೆ, ಅಷ್ಟರಲ್ಲಿ ಟಕ್, ರೀಲು ಮುಗಿಯಿತು. ನಮ್ಮ ಅಜ್ಜಿಗೆ ಅದೇ ಪ್ರಾಣ. ಆ ಅರ್ಧ ಪದಕ್ಕಾಗಿ ಪೂರಾ ಡಿಸ್ಕೋ ಸಹಿಸಿಕೊಂಡು ಅವರೆಕಾಯಿ ಬಿಡಿಸುತ್ತಾ ಕೂರುತ್ತಿದ್ದರು. 'ಪಾಪ, ನೆಗಡಿ ಆದೋಳ ಥರ ಹಾಡ್ತಾಳೆ' ಎನ್ನುವುದು ನಾಜಿಯಾ ಬಗ್ಗೆ ಅವರ ವಿಮರ್ಶೆ. ನಿಜ ಹೇಳಬೇಕೆಂದರೆ, ಮೂಗಿನಲ್ಲಿ ಹಾಡುವ ಆ ದನಿಯೇ ಅಲ್ವಾ ನಮ್ಮನ್ನು ಕೆಡಿಸಿದ್ದು? ನಡುನಡುವೆ ಅಡುಗೆಮನೆಯಿಂದ ಕೂಗು ಬರುತ್ತಿತ್ತು: 'ಲೋ, ಆ ಹುಡುಗಿ ಮುಗಿಸಿದ್ಲಾ?' ಮುಗಿಸಿಲ್ಲ ಅಜ್ಜಿ, ಇನ್ನೂ ಎರಡು ಹಾಡಿದೆ. ಫಾಸ್ಟ್ ಫಾರ್ವರ್ಡ್ ಮಾಡಲು ನಾನು ಒಪ್ಪುತ್ತಿರಲಿಲ್ಲ. ಅವರಿಗೆ ಆ ಗುಂಡಿ ಯಾವುದೆಂದು ತಿಳಿಯದಂತೆ ನೋಡಿಕೊಂಡಿದ್ದೆ.

2012ರಲ್ಲಿ ಒಂದು ಹಿಂದಿ ಸಿನಿಮಾದವರು 'ಡಿಸ್ಕೋ ದೀವಾನೆ'ಯನ್ನು ತಿದ್ದಿ ತೀಡಿ ಮತ್ತೆ ಬಿಟ್ಟರು. ಮದುವೆ ಮನೆಗಳಲ್ಲಿ ಡೀಜೆ ಹುಡುಗರು ಇವತ್ತಿಗೂ ಅದನ್ನೇ ಬಡಿಯುತ್ತಾರೆ. ಎದೆ ನಡುಗುವ ಹಾಗೆ ಬಡಿದರೆ ಆಕೆಯ ದನಿ ಎಲ್ಲಿ ಉಳಿಯುತ್ತೆ? ಹಾಡಿಗೆ ಬೇಕಿದ್ದದ್ದು ಇನ್ನಷ್ಟು ಡ್ರಮ್ಮಲ್ಲ. ಬೇಕಿದ್ದರೆ ಒಂದು ತಂಬೂರಿ.

ಅಂದ ಹಾಗೆ, ಆಕೆ ಹೋದ ಸುದ್ದಿಯನ್ನು 2000ದಲ್ಲಿ ಪೇಪರಿನ ಒಳಪುಟದಲ್ಲಿ ಓದಿದೆ. ಅಜ್ಜಿ ಆಗಲೇ ತೀರಿಕೊಂಡಿದ್ದರು. ಯಾರಿಗೆ ಹೇಳುವುದು? ಸುಮ್ನೆ ಬಸ್ ಸ್ಟ್ಯಾಂಡ್ ಕಡೆ ಹೋದೆ. ರೆಕಾರ್ಡಿಂಗ್ ಅಂಗಡಿ ಎಸ್‌ಟಿಡಿ ಬೂತ್ ಆಗಿತ್ತು, ಅದೇ ಮನುಷ್ಯ ಕೂತಿದ್ದರು. ನಾಜಿಯಾ ಎಂದರೆ ಅವರಿಗೆ ನೆನಪಾಗಲಿಲ್ಲ. ಪಾಪ ಎನ್ನಲೂ ಇಲ್ಲ. ಕ್ಯಾಸೆಟ್ಟಿನ ಕೊನೆಯ ದಾಸರ ಪದ ಹಾಡಿದ್ದು ಯಾರು ಎಂದು ಕೇಳಿದೆ. ಎರಡು ಸಾಲು ಹಾಡಿಯೂ ತೋರಿಸಿದೆ. ಬೂತಿನೊಳಗಿದ್ದವನು ಫೋನು ಹಿಡಿದುಕೊಂಡೇ ತಿರುಗಿ ನೋಡಿದ.

ಅವರು ಕಣ್ಣು ಮುಚ್ಚಿ ಯೋಚಿಸಿದರು. 'ಯಾರೋ ಗೊತ್ತಿಲ್ಲಪ್ಪ' ಎಂದರು. 'ಪೂರ್ತಿ ಬೇಕು ಅಂತಿದ್ರೆ ಆಗ್ಲೇ ಇನ್ನೊಂದು ಕ್ಯಾಸೆಟ್ ತಂದುಕೊಡಬೇಕಿತ್ತು.'