‘ಮಸ್ ಕೆ ನಾದ’: ಆ ಹಾಡಿಗೆ ರ‍್ಯಾಪ್ ಬೇಕಿತ್ತೇ?

ಬ್ರೆಜಿಲಿನ ಕುಣಿತದ ಸಂಗೀತ ಸಾಂಬಾ ಮತ್ತು ಅದರಿಂದ ಹುಟ್ಟಿದ ಮೆದುದನಿಯ ಬೋಸಾ ನೋವಾ ಎರಡಕ್ಕೂ ಸಲ್ಲುವ ‘ಮಸ್ ಕೆ ನಾದ’ ಗೀತೆಯನ್ನು ಬರೆದವರು ರಿಯೊ ಡಿ ಜನೈರೊದ ಜೋರ್ಜಿ ಬೆನ್. 1963ರಲ್ಲಿ ತಮ್ಮ ಮೊದಲ ಆಲ್ಬಂನಲ್ಲಿ ಅವರೇ ಅದನ್ನು ಹಾಡಿದರು. 1966ರಲ್ಲಿ ಬ್ರೆಜಿಲಿನ ಪಿಯಾನೊ ವಾದಕ ಸೆರ್ಜಿಯೊ ಮೆಂಡಿಸ್ ಅವರ ತಂಡ ಅದನ್ನು ಅಮೆರಿಕದ ಕೇಳುಗರಿಗೆ ಮುಟ್ಟಿಸಿತು. ನಲವತ್ತು ವರ್ಷಗಳ ನಂತರ, 2006ರಲ್ಲಿ, ಅದೇ ಮೆಂಡಿಸ್ ಹಿಪ್-ಹಾಪ್ ತಂಡ ‘ಬ್ಲ್ಯಾಕ್ ಐಡ್ ಪೀಸ್’ ಜತೆ ಸೇರಿ ಅದನ್ನು ಮತ್ತೆ ರೆಕಾರ್ಡ್ ಮಾಡಿದರು. ಈ ಹೊಸ ರೂಪದಿಂದ ಹಾಡಿಗೆ ಒಳ್ಳೆಯದಾಯಿತೇ?

ಪರ

ಹಳೆಯದನ್ನು ಹಾಳುಮಾಡಿದರು ಎಂದು ಬೇಸರಪಡುವವರಲ್ಲಿ ಹೆಚ್ಚಿನವರ ಕಿವಿಯಲ್ಲಿರುವುದು 1966ರ ರೆಕಾರ್ಡಿಂಗ್. ಅದೂ ಕವರ್ರೇ, ಬೇರೆಯವರ ಹಾಡನ್ನು ಮತ್ತೆ ಹಾಡಿದ್ದೇ! ಬೆನ್ ಹಾಡಿದ್ದರಲ್ಲಿ ಗಂಡುದನಿ, ಗಿಟಾರು, ಬೆನ್ನಿಗೆ ಊದುವಾದ್ಯಗಳಿದ್ದವು. ಮೆಂಡಿಸ್ ತಮ್ಮ ಪಿಯಾನೊವನ್ನು ಮುಂದೆ ತಂದರು, ಹಾಡನ್ನು ಹೆಣ್ಣುದನಿಗಳ ಕೈಗೆ ಕೊಟ್ಟರು. ಮುಖ್ಯ ಗಾಯಕಿ ಲಾನಿ ಹಾಲ್ ಶಿಕಾಗೊದವರು. ಪೋರ್ಚುಗೀಸ್ ಬಾರದ ಆಕೆ ಉಚ್ಚಾರಣೆಯನ್ನು ಕಿವಿಯಿಂದ ಕಲಿತು ಹಾಡಿದರು. ಮೂಲಕ್ಕೆ ನಿಷ್ಠೆಯೇ ಅಳತೆಗೋಲಾದರೆ ಮೊದಲು ಹೊರಗೆ ಹೋಗಬೇಕಾದದ್ದು ಆ ರೆಕಾರ್ಡಿಂಗ್. ಆದರೆ ಜನ ಇಂದು ಅದನ್ನೇ ಮೂಲವೆಂದು ಎದೆಗೆ ಅಪ್ಪಿಕೊಂಡಿದ್ದಾರೆ, ಅದು ಸರಿಯಾಗಿಯೇ ಇದೆ.

2006ರದ್ದನ್ನು ಯಾರೋ ಹೊರಗಿನವರು ಬಂದು ಕದ್ದೊಯ್ದದ್ದಲ್ಲ. ಪಿಯಾನೊ ಮುಂದೆ ಕೂತವರು ಮೆಂಡಿಸ್ ಅವರೇ. 2003ರಷ್ಟು ಹಿಂದೆಯೇ ಪೀಸ್ ತಂಡದ ‘ಎಲಿಫಂಕ್’ ಆಲ್ಬಂಗೆ ಅವರು ಪಿಯಾನೊ ನುಡಿಸಿದ್ದರು, ಹಾಗಾಗಿ ಪರಿಚಯವೂ ಹಳೆಯದು. ಪೋರ್ಚುಗೀಸ್ ಸಾಲುಗಳನ್ನು ಹಾಡಿದವರು ಮೆಂಡಿಸ್ ಅವರ ಪತ್ನಿ, ಬ್ರೆಜಿಲಿನವರೇ ಆದ ಗ್ರಾಸಿನ್ಯಾ ಲೆಪೊರಾಸಿ. ಬ್ರೆಜಿಲಿನ ಇನ್ನೊಂದು ಹೆಸರಾಂತ ಹಾಡು ‘ಇಪನೇಮಾದ ಹುಡುಗಿ’ ಅಮೆರಿಕಕ್ಕೆ ಹೋದಾಗ ಇಂಗ್ಲಿಷ್ ಸಾಹಿತ್ಯ ತೊಡಬೇಕಾಯಿತು. ಈ ಹಾಡಿಗೆ ಆ ಗತಿ 1966ರಲ್ಲೂ ಬರಲಿಲ್ಲ, 2006ರಲ್ಲೂ ಬರಲಿಲ್ಲ. ರ‍್ಯಾಪ್ ಇಂಗ್ಲಿಷಿನಲ್ಲಿದ್ದರೂ ಪಲ್ಲವಿ ಪೋರ್ಚುಗೀಸಿನಲ್ಲೇ ಉಳಿದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಜೋರ್ಜಿ ಬೆನ್ ಹೆಸರನ್ನೇ ಕೇಳದ ಹದಿಹರೆಯದವರ ಬಾಯಲ್ಲಿ ಪಲ್ಲವಿಯ ‘ಓಬಾ ಓಬಾ ಓಬಾ’ ಕೂಗು ಕುಣಿಯಿತು. ಹಾಡು ಬದುಕುವುದು ಬಾಯಿಂದ ಬಾಯಿಗೆ ದಾಟುತ್ತಲೇ ತಾನೇ?

ವಿರೋಧ

ಕವರ್ ಮಾಡುವುದೇ ತಪ್ಪೆಂದು ನಾನು ವಾದಿಸುವುದಿಲ್ಲ. 1966ರದ್ದನ್ನು ನಾನೂ ಮನಸಾರೆ ಪ್ರೀತಿಸುತ್ತೇನೆ. ಅದು ಯಾಕೆ ಹಿಡಿಸುತ್ತದೆ ಎಂಬುದರಲ್ಲೇ 2006ರದ್ದು ಯಾಕೆ ಸೋತಿತು ಎಂಬುದೂ ಇದೆ.

1966ರದ್ದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಪಲ್ಲವಿಯ ಕೂಗಿನಲ್ಲಿ ದನಿಗಳೆಲ್ಲ ಒಟ್ಟಾಗಿ ಮೇಲೇಳುತ್ತವೆ. ಕೂಗು ಮುಗಿದದ್ದೇ ದನಿ ಇಳಿದು, ಚರಣ ಕಿವಿಯ ಹತ್ತಿರ ಬಂದು ಮಾತಾಡಿದ ಹಾಗೆ ಶುರುವಾಗುತ್ತದೆ. ತಾಳವೂ ಆ ದನಿಯ ಜತೆಗೇ ಹಗುರಾಗುತ್ತದೆ. ಹಾಡಿನ ಜೀವವೆಲ್ಲ ಈ ಏರಿಳಿತದಲ್ಲಿದೆ. ಬೆನ್ ಹಾಡಿದ ರೀತಿ ಬೇರೆಯಾದರೂ ಕೂಗಿ ಕರೆಯುವುದು, ಆಮೇಲೆ ಹತ್ತಿರ ಬಂದು ಹೇಳುವುದು ಅವರಲ್ಲೇ ಇತ್ತು. ಮೆಂಡಿಸ್ ಅದನ್ನು ಇನ್ನಷ್ಟು ನಾಜೂಕು ಮಾಡಿದರು. 2006ರಲ್ಲಿ ಹಿಪ್-ಹಾಪ್ ಡ್ರಮ್ಮು ಆ ಇಳಿತಕ್ಕೆ ಎಡೆಯನ್ನೇ ಕೊಡುವುದಿಲ್ಲ. ಸಾಂಬಾದ ತೂಗಾಟದ ಮೇಲೆ ಒಂದೇ ತೂಕದ ಪೆಟ್ಟು ಬೀಳುತ್ತಲೇ ಇರುತ್ತದೆ, ದನಿ ತಗ್ಗಿಸಬೇಕಾದ ಕಡೆ ರ‍್ಯಾಪ್ ನುಗ್ಗುತ್ತದೆ.

ಇನ್ನು ಸಾಹಿತ್ಯ. ಸಾಂಬಾ ರಂಗೇರಿದೆ, ನಾನು ಕುಣಿಯಬೇಕು, ದಾರಿ ಬಿಡು ಎನ್ನುತ್ತಾನೆ ಹಾಡುಗಾರ. ಅದು ಎಂಥ ಸಾಂಬಾ ಎಂದೂ ಹೇಳುತ್ತಾನೆ: ಮರಕಾತು ಬೆರೆತದ್ದು, ‘ಪ್ರೆತೊ ವೆಲ್ಯೊ’ದ ಸಾಂಬಾ. ಮರಕಾತು ಈಶಾನ್ಯ ಬ್ರೆಜಿಲಿನ ಪೆರ್ನಾಂಬುಕೊದ ಕಪ್ಪು ಜನರ ಮೆರವಣಿಗೆಯ ಸಂಗೀತ. ಪ್ರೆತೊ ವೆಲ್ಯೊ ಎಂದರೆ ಬ್ರೆಜಿಲಿನ ಉಂಬಾಂಡಾ ಎಂಬ ಧಾರ್ಮಿಕ ಪಂಥದವರು ನಂಬಿ ನಡೆದುಕೊಳ್ಳುವ, ಗುಲಾಮಗಿರಿ ಕಂಡ ಹಿರಿಯರ ಆತ್ಮ. ಕಪ್ಪು ತರುಣನೊಬ್ಬ ಹಗುರವಾದ ಕುಣಿತದ ಹಾಡಿನ ಮಧ್ಯೆ ತನ್ನ ಹಿರಿಯರನ್ನು ನೆನೆದದ್ದು ಸಣ್ಣ ಮಾತಲ್ಲ. ಲಾನಿ ಹಾಲ್ ಅರ್ಥ ತಿಳಿಯದೆ ಹಾಡಿದರೂ ಆ ಸಾಲಿಗೆ ಅದರ ಜಾಗ ಬಿಟ್ಟುಕೊಟ್ಟರು. ರ‍್ಯಾಪ್‌ನವರು ಅದರ ಸುತ್ತ ತಮ್ಮದೇ ಮಾತು ತುಂಬಿಸಿದರು, ಅದೂ ಬಹುಮಟ್ಟಿಗೆ ತಮ್ಮ ಪಾರ್ಟಿಯ ಬಗ್ಗೆಯೇ.

ಮೆಂಡಿಸ್ ಒಪ್ಪಿಯೇ ಮಾಡಿದರಲ್ಲ ಎಂಬ ಮಾತು ನನಗೆ ಸಾಲದು. ಹಾಡು ಅವರದ್ದಲ್ಲ, ಬೆನ್ ಅವರದ್ದು. ಎಷ್ಟೋ ಜನ ಇವತ್ತಿಗೂ ಇದು ಮೆಂಡಿಸ್ ಕಟ್ಟಿದ ಹಾಡು ಎಂದುಕೊಂಡಿದ್ದಾರೆ. ಪ್ರತಿ ಕವರೂ ಮೂಲದವನನ್ನು ಇನ್ನೊಂದು ಹೆಜ್ಜೆ ಹಿಂದಕ್ಕೆ ತಳ್ಳಿತು.

ಹೊಸ ತಲೆಮಾರಿಗೆ ಮುಟ್ಟಿಸಲು ಹೀಗೆಲ್ಲ ಮಾಡಲೇಬೇಕಿತ್ತೇ? 1998ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ನೈಕಿ ಜಾಹೀರಾತೊಂದು ಬಂತು. ಬ್ರೆಜಿಲಿನ ಆಟಗಾರ ರೊನಾಲ್ಡೊ ಮತ್ತು ಜತೆಗಾರರು ವಿಮಾನ ನಿಲ್ದಾಣದೊಳಗೆ ಚೆಂಡು ಆಡುತ್ತಾ ಓಡುತ್ತಾರೆ. ಹಿಂದೆ ಕೇಳುವುದು ಇದೇ ಹಾಡು, ರಿಯೊದ ಟಾಂಬಾ ತ್ರಿಯೊ ತಂಡದ್ದು, ಅರವತ್ತರ ದಶಕದ್ದು. ಜಗತ್ತಿನ ಮಕ್ಕಳೆಲ್ಲ ಅದನ್ನು ಗುನುಗಿದರು, ರ‍್ಯಾಪ್ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.