ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಮೆನು

ರೆಸ್ಟೋರೆಂಟ್ ಮೆನುಗಳಲ್ಲಿ ಈಗ ಒಂದು ಎಲೆ ಚಿಗುರಿದೆ. ಚಿಕ್ಕ ಹಸಿರು ಎಲೆ. ಯಾವ ಹೆಸರಿನ ಪಕ್ಕ ಅದು ಕೂತಿದೆಯೋ ಆ ತಿನಿಸು ಆರೋಗ್ಯಕ್ಕೆ ಒಳ್ಳೆಯದಂತೆ. ಯಾರು ಹೇಳಿದ್ದು? ಎಲೆ ಹೇಳಿದ್ದು. ಎಲೆಗೆ ಯಾರು ಹೇಳಿದ್ದು? ಮೆನು ಪ್ರಿಂಟ್ ಮಾಡಿಸಿದವರು. ಅವರಿಗೆ? ಅಷ್ಟೆಲ್ಲ ಕೇಳಬಾರದು, ಊಟ ಆರಿಹೋಗುತ್ತದೆ.

ಮೆನು ನಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ ನೋಡಿ. ಸೊಪ್ಪು ಯಾವ ತೋಟದ್ದು, ಯಾವಾಗ ಕಿತ್ತಿದ್ದು, ಉಪ್ಪು ಯಾವ ಸಮುದ್ರದ್ದು, ಟೊಮೆಟೊ ಎಷ್ಟು ಬಿಸಿಲು ಕಂಡಿದೆ, ಎಲ್ಲ ಬರೆದಿರುತ್ತದೆ. ಟೊಮೆಟೊದ ಜಾತಕವನ್ನೇ ಕೊಟ್ಟ ಮೆನು ಎಣ್ಣೆ ಬಂದಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತದೆ. ಯಾವ ಎಣ್ಣೆ, ಎಷ್ಟು ಎಣ್ಣೆ, ಎಷ್ಟನೇ ಸಲ ಕಾದ ಎಣ್ಣೆ? ಉಹುಂ.

ಕೇಳಿ ತಿಳಿದುಕೊಳ್ಳೋಣ ಎಂದು ಹೊರಟರೆ ಸಂಭಾಷಣೆ ಹೀಗೆ ಸಾಗುತ್ತದೆ.

"ಇದನ್ನು ಯಾವ ಎಣ್ಣೆಯಲ್ಲಿ ಮಾಡ್ತೀರಪ್ಪ?"

"ಒಳ್ಳೆ ಎಣ್ಣೆ ಸಾರ್."

"ಒಳ್ಳೇದೇ ಇರ್ಲಿ, ಯಾವುದು?"

"ರಿಫೈಂಡ್ ಸಾರ್."

"ಯಾವುದರ ರಿಫೈಂಡ್?"

"ಟಿನ್ನಿನದು ಸಾರ್."

ಪಾಪ, ಅವನ ತಪ್ಪೇನಿಲ್ಲ. ಟಿನ್ನು ಇರುವುದು ಅಡುಗೆಮನೆಯಲ್ಲಿ. ಅವನಿಗೆ ಒಪ್ಪಿಸಿರುವುದು ಎಲೆಯ ಮೆನು. ಇನ್ನೂ ಒತ್ತಾಯ ಮಾಡಿದರೆ ಒಳಗೆ ಹೋಗಿ ಬಂದು, "ಎಣ್ಣೆ ಕಮ್ಮಿ ಹಾಕ್ತಾರಂತೆ ಸಾರ್" ಎನ್ನುತ್ತಾನೆ. ಯಾವುದಕ್ಕಿಂತ ಕಮ್ಮಿ? ಬಹುಶಃ ಇಡೀ ಟಿನ್ನಿಗಿಂತ ಕಮ್ಮಿ.

ಎಲೆ ಗುರುತಿನ ಮಹಾರಾಜ ಅಂದರೆ ಸಲಾಡ್. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಳಗೆ ಲೆಟ್ಯೂಸ್. 100 ಗ್ರಾಂ ತಿಂದರೂ ಸುಮಾರು 15 ಕ್ಯಾಲೊರಿ, ಅಂದರೆ ತಿಂದದ್ದಕ್ಕಿಂತ ಅಗಿದದ್ದೇ ಜಾಸ್ತಿ. ಅದರ ಮೇಲೆ ಎಣ್ಣೆಯಲ್ಲಿ ಹುರಿದ ಬ್ರೆಡ್ಡಿನ ತುಂಡುಗಳು. ಅದರ ಮೇಲೆ ತುರಿದ ಚೀಸ್. ಕೊನೆಗೆ ಡ್ರೆಸ್ಸಿಂಗ್ ಎಂಬ ಅಭಿಷೇಕ. ಡ್ರೆಸ್ಸಿಂಗಿನ ಹಳೆಯ ಲೆಕ್ಕವೇ ಮೂರು ಪಾಲು ಎಣ್ಣೆಗೆ ಒಂದು ಪಾಲು ವಿನೆಗರ್. ನಾಲ್ಕು ದೊಡ್ಡ ಚಮಚ ಸುರಿದರೆ ಅದರಲ್ಲಿ ಮೂರು ಚಮಚ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆ ಸುಮಾರು 14 ಗ್ರಾಂ, ಹತ್ತಿರ ಹತ್ತಿರ 120 ಕ್ಯಾಲೊರಿ. ಮೂರಕ್ಕೆ 360. ಸೊಪ್ಪಿನ ಬಟ್ಟಲು ಎಂದುಕೊಂಡು ನಾವು ಕುಡಿದದ್ದು ಎಣ್ಣೆ. ಪಕ್ಕದ ಟೇಬಲ್ಲಿನವರು ಎಲೆ ಗುರುತಿಲ್ಲದ ಬೇಯಿಸಿದ ತರಕಾರಿ ತಿನ್ನುತ್ತಿರುತ್ತಾರೆ. ಅವರ ಕಡೆ ನಾವು ಕನಿಕರದಿಂದ ನೋಡುತ್ತಿರುತ್ತೇವೆ.

ಎಣ್ಣೆಯೆಲ್ಲ ವಿಷ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರೂ ಒಂದು ಬೇರೆ ಜಾತಿಯ ಜಾಹೀರಾತೇ. ಕೊಬ್ಬು ದೇಹಕ್ಕೆ ಬೇಕು. ಆಲಿವ್ ಎಣ್ಣೆ, ಬೀಜಗಳು, ಕೊಬ್ಬಿರುವ ಮೀನು, ಇವುಗಳಲ್ಲಿರುವುದು ಹೆಚ್ಚಾಗಿ ಒಳ್ಳೆಯ ಬಗೆಯದು. ತಕರಾರಿರುವುದು ಬೆಣ್ಣೆ, ತುಪ್ಪದಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದಾಗ. ಅದಕ್ಕಿಂತ ದೊಡ್ಡ ತಕರಾರು ಟ್ರಾನ್ಸ್ ಕೊಬ್ಬಿನ ಮೇಲೆ. ದ್ರವವಾಗಿರುವ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಅರೆಬರೆ ಗಟ್ಟಿ ಮಾಡಿದಾಗ ಹುಟ್ಟುವುದು ಇದು. ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. ಎರಡೂ ಕೆಲಸ ಒಟ್ಟಿಗೆ ಮಾಡುವಷ್ಟು ಶ್ರಮಜೀವಿ. ದಿನದ ಒಟ್ಟು ಕ್ಯಾಲೊರಿಯಲ್ಲಿ ಇದರ ಪಾಲು ಶೇ. 1 ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲೊರಿ ತಿನ್ನುವವರಿಗೆ ಅದು 2.2 ಗ್ರಾಂ.

ಇಲ್ಲಿ ಅಮೆರಿಕದವರ ಗಣಿತಕ್ಕೆ ಒಂದು ನಮಸ್ಕಾರ ಹಾಕಲೇಬೇಕು. ಅಲ್ಲಿನ ಲೇಬಲ್ ನಿಯಮದಲ್ಲಿ ಒಂದು ಸರ್ವಿಂಗಿನಲ್ಲಿ, ಅಂದರೆ ಒಂದು ಸಲಕ್ಕೆ ತಿನ್ನುವ ಪಾಲಿನಲ್ಲಿ, ಟ್ರಾನ್ಸ್ ಕೊಬ್ಬು ಅರ್ಧ ಗ್ರಾಮಿಗಿಂತ ಕಡಿಮೆ ಇದ್ದರೆ ಸೊನ್ನೆ ಎಂದೇ ಬರೆಯಬಹುದು. ಸರ್ವಿಂಗ್ ಎಷ್ಟು ಚಿಕ್ಕದೋ ಸೊನ್ನೆ ಅಷ್ಟು ಸಲೀಸು. 0.4 ಗ್ರಾಮಿನ ಆರು ಸೊನ್ನೆಗಳನ್ನು ತಿಂದು ಮುಗಿಸಿ, 2.4 ಆಯಿತು. ಸೊನ್ನೆಗಳನ್ನು ಕೂಡಿಸುತ್ತಾ ಹೋದರೂ ದಿನದ ಮಿತಿ ದಾಟಬಹುದು ಎಂದು ಯಾವ ಗಣಿತದ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಆ ದೇಶ ಹೀಗೆ ಹೈಡ್ರೋಜನ್ ಹಾಯಿಸಿ ಅರೆಬರೆ ಗಟ್ಟಿ ಮಾಡಿದ ಎಣ್ಣೆಯನ್ನು ಸುರಕ್ಷಿತ ಪದಾರ್ಥಗಳ ಸಾಲಿನಿಂದ 2015ರಲ್ಲಿ ಕೈಬಿಟ್ಟಿತು ಅನ್ನಿ. ಡೆನ್ಮಾರ್ಕ್ 2003ರಲ್ಲೇ ಮಿತಿ ಹಾಕಿ ಸುಮ್ಮನೆ ತನ್ನ ಪಾಡಿಗೆ ತಾನಿತ್ತು.

ಇನ್ನೊಂದು ಇದಕ್ಕಿಂತ ಮಜವಾಗಿದೆ. ಅದೇ ಅಮೆರಿಕದಲ್ಲಿ, ಪ್ಯಾಕೆಟ್ಟಿನ ಮೇಲೆ 'ಆರೋಗ್ಯಕರ' ಎಂದು ಬರೆದುಕೊಳ್ಳಲು 1994ರಲ್ಲಿ ಒಂದು ನಿಯಮ ಬಂತು. ಒಟ್ಟು ಕೊಬ್ಬು ಎಷ್ಟು ಎಂದು ನೋಡಿತು, ಯಾವ ಕೊಬ್ಬು ಎಂದು ಸಾಕಷ್ಟು ವಿಚಾರಿಸಲಿಲ್ಲ. ಸಕ್ಕರೆಯ ತಂಟೆಗೆ ಹೋಗಲಿಲ್ಲ. ಹಾಗಾಗಿ ಸಿಕ್ಕಾಪಟ್ಟೆ ಸಕ್ಕರೆ ಹಾಕಿದ, ಬೆಳಗ್ಗೆ ಹಾಲಿಗೆ ಹಾಕಿ ತಿನ್ನುವ ಸೀರಿಯಲ್ಲು ಪಾಸಾಗಬಹುದಿತ್ತು. ಬೀಜಗಳು ಫೇಲ್, ಸಾಲ್ಮನ್ ಮೀನು ಫೇಲ್. ನೀರು ಕೂಡ ಫೇಲ್! ಹೌದು, ಕುಡಿಯುವ ನೀರು. ಅದರಲ್ಲಿ ಬೇಕಾದ ಪೋಷಕಾಂಶ ಇರಲಿಲ್ಲವಲ್ಲ. 2024ರ ಡಿಸೆಂಬರಿನಲ್ಲಿ ನಿಯಮ ತಿದ್ದಿ ನೀರನ್ನು ಪಾಸು ಮಾಡಿದರು. ಮೂವತ್ತು ವರ್ಷ ತಾಳ್ಮೆಯಿಂದ ಕಾದ ನೀರಿಗೆ ಅಭಿನಂದನೆ.

ಗೋಡೆಗೆ ಅಂಟಿಸಿದ ಬೋರ್ಡುಗಳದ್ದು ಬೇರೆಯೇ ಪ್ರತಿಭೆ. 'ನಮ್ಮಲ್ಲಿ ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ ಮಾತ್ರ ಬಳಸುತ್ತೇವೆ.' ಗಿಡಮರಗಳಿಂದ ಬರುವ ಯಾವ ಅಡುಗೆ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ ಸ್ವಾಮಿ. ನೀವು ಹಾಕಿರುವ ಕುರ್ಚಿಯಲ್ಲೂ ಇಲ್ಲ. ಪಾಮ್ ಎಣ್ಣೆಯ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧ ಸ್ಯಾಚುರೇಟೆಡ್, ತೆಂಗಿನೆಣ್ಣೆಯಲ್ಲಿ ಶೇ. 80ಕ್ಕೂ ಮೇಲೆ. ಟಿನ್ನಿನೊಳಗೆ ಕೊಲೆಸ್ಟ್ರಾಲ್ ಇಲ್ಲ, ನಿಜ. ಅದು ಹೆಚ್ಚಾಗಿ ತಯಾರಾಗುವುದು ನಮ್ಮ ಲಿವರಿನಲ್ಲಿ, ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ರಕ್ತದಲ್ಲಿ ಏರುವುದೂ ಅದೇ. ಹೀಗಾಗಿ ಬೋರ್ಡು ಸುಳ್ಳು ಹೇಳಿದಂತಾಗಲಿಲ್ಲ, ವಿಳಾಸ ಬದಲಾಯಿಸಿದಂತಾಯಿತು ಅಷ್ಟೇ.

ಕಾನೂನು ಏನೂ ಮಾಡಿಲ್ಲವೇ? ಮಾಡಿದೆ. ಅಮೆರಿಕದಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ರೆಸ್ಟೋರೆಂಟುಗಳು 2018ರಿಂದ ಮೆನುವಿನಲ್ಲೇ ಕ್ಯಾಲೊರಿ ಬರೆಯಬೇಕು. ಕೊಬ್ಬು ಎಷ್ಟು, ಅದರಲ್ಲಿ ಸ್ಯಾಚುರೇಟೆಡ್ ಎಷ್ಟು, ಟ್ರಾನ್ಸ್ ಎಷ್ಟು ಎಂಬ ವಿವರವೂ ಇರಬೇಕು, ಆದರೆ ಅದು ಮೆನುವಿನಲ್ಲೇ ಇರಬೇಕಿಲ್ಲ. ಕೇಳಿದವರಿಗೆ ಕೊಟ್ಟರೆ ಸಾಕು. ಹಿಂದೆ ಕ್ಯೂ ನಿಂತಿದೆ, ಮಗು ಅಳುತ್ತಿದೆ, ಹೊಟ್ಟೆ ಚುರುಗುಟ್ಟುತ್ತಿದೆ, ಆಗ ನೀವು ಕೌಂಟರಿನಲ್ಲಿ ನಿಂತು "ಸ್ಯಾಚುರೇಟೆಡ್ ಕೊಬ್ಬಿನ ಪಟ್ಟಿ ತೋರಿಸಿ" ಎನ್ನಬೇಕು. ಅಷ್ಟು ಧೈರ್ಯ ಇರುವವರು ಸಾಮಾನ್ಯವಾಗಿ ರಾಜಕೀಯಕ್ಕೆ ಹೋಗಿರುತ್ತಾರೆ.

ಕರಿದದ್ದರ ವಿಷಯ ಬೇಗ ಮುಗಿಸುತ್ತೇನೆ, ನನಗೂ ಬಾಯಲ್ಲಿ ನೀರು ಬರುತ್ತದೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಒಡೆಯುತ್ತದೆ. ಕಪ್ಪಾಗುತ್ತದೆ, ಅಂಟಾಗುತ್ತದೆ, ನೊರೆ ಬರುತ್ತದೆ, ಮುಂಚಿಗಿಂತ ಬೇಗ ಹೊಗೆಯಾಡುತ್ತದೆ. ಒಡೆದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ. 25ರ ಆಸುಪಾಸಿಗೆ ಬಂದರೆ ಆ ಎಣ್ಣೆ ಚೆಲ್ಲಬೇಕು ಎಂದು ಹಲವು ದೇಶಗಳಲ್ಲಿ ನಿಯಮವಿದೆ. ಅಳೆಯುವ ಮೀಟರೂ ಇದೆ. ಟೇಬಲ್ಲಿನ ತನಕ ಬಂದದ್ದು ಮಾತ್ರ ನಾನು ನೋಡಿಲ್ಲ.

ಇನ್ನು ನಾವು ಗಿರಾಕಿಗಳು. ನಮ್ಮದೂ ಕಮ್ಮಿ ನಾಟಕವಲ್ಲ. ಎಲೆ ಗುರುತಿನ ಒಂದು ಬಟ್ಟಲು ತರಿಸಿ, "ಹೇಗೂ ಸಲಾಡ್ ತಗೊಂಡಿದ್ದೀವಲ್ಲ" ಎಂದು ಅದರ ಧೈರ್ಯದ ಮೇಲೆ ಕರಿದದ್ದು ಒಂದು ಪ್ಲೇಟು, ಕ್ರೀಮಿನದು ಒಂದು ಪ್ಲೇಟು. ಸಲಾಡ್ ಎಂದರೆ ನಮ್ಮ ಪಾಲಿಗೆ ಊಟವಲ್ಲ, ನಿರೀಕ್ಷಣಾ ಜಾಮೀನು. ಕೊನೆಗೆ ಒಂದೇ ಐಸ್‌ಕ್ರೀಮು, ನಾಲ್ಕು ಚಮಚ. ಹಂಚಿಕೊಂಡು ತಿಂದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ, ಅಲ್ವಾ?

ನನ್ನ ಬೇಡಿಕೆ ದೊಡ್ಡದೇನಲ್ಲ. ಆ ಎಲೆಯನ್ನು ಮೆನುವಿನಿಂದ ಕಿತ್ತು, ಎಣ್ಣೆ ಟಿನ್ನಿನ ಲೇಬಲ್ಲನ್ನೇ ಅಲ್ಲಿ ಅಂಟಿಸಲಿ. ಟೊಮೆಟೊ ಎಷ್ಟು ಬಿಸಿಲು ಕಂಡಿದೆ ಅಂತ ಕವಿತೆ ಬರೆಯುವ ಬದಲು ಹಬೆಯಲ್ಲಿ ಬೆಂದದ್ದೋ, ಸುಟ್ಟದ್ದೋ, ಕರಿದದ್ದೋ ಎಂದು ಒಂದೇ ಪದ ಬರೆಯಲಿ. ಅದಾಗುವ ತನಕ ಕೈಯಲ್ಲಿರುವುದು ಇಷ್ಟೇ: ಸಾಸು, ಬೆಣ್ಣೆ, ಡ್ರೆಸ್ಸಿಂಗ್ ಎಲ್ಲ ಬೇರೆ ಬಟ್ಟಲಲ್ಲಿ ಕೊಡಿ ಎಂದು ಕೇಳುವುದು. ಖಂಡಿತ ಕೊಡುತ್ತಾರೆ. ಸಲಾಡಿನ ಮೇಲೆ ಒಂದು ಸಲ ಸುರಿದು, ಪಕ್ಕಕ್ಕೆ ಇನ್ನೊಂದು ಬಟ್ಟಲು ತುಂಬ ತಂದಿಟ್ಟು, "ಎಕ್ಸ್‌ಟ್ರಾ ಸಾರ್, ಫ್ರೀ" ಎನ್ನುತ್ತಾರೆ.