ಏಳನೇ ತಿಂಗಳಲ್ಲಿ ಬೈಯುವ ಬದಲು ಮೊದಲೇ ಹೇಳಿ

ನಿನ್ನೆ ಕಾಪುವಿನಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ತಂಗಿ ಈಗ ಐದು ತಿಂಗಳ ಬಸುರಿ. ಮಧ್ಯಾಹ್ನ ಊಟಕ್ಕೆ ಕೂತಾಗ ಚಿಕ್ಕಮ್ಮ ಅವಳ ಬಟ್ಟಲಿಗೆ ಮೂರನೇ ಸಲ ಅನ್ನ ಬಡಿಸಲು ಬಂದರು. ಅವಳು ಕೈ ಅಡ್ಡ ಹಿಡಿದಳು. "ನಿನಗಲ್ಲ ಮಾರಾಯ್ತಿ, ಮಗುವಿಗೆ" ಅಂತ ಬೆರಳ ಸಂದಿಯಲ್ಲೇ ಅನ್ನ ಜಾರಿಸಿಬಿಟ್ಟರು. ಪ್ರೀತಿಯಿಂದಲೇ ಹಾಕಿದ್ದು. ಆದರೆ ನನಗೆ ನಾಲ್ಕು ವರ್ಷದ ಹಿಂದಿನ ನನ್ನ ಬಟ್ಟಲೇ ಕಣ್ಣ ಮುಂದೆ ಬಂತು. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಬಸುರಿಯ ಊಟ, ತೂಕದ ಬಗ್ಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಬಸುರಿಯಾದಾಗ ನನ್ನ ತೂಕ 58 ಕಿಲೋ. ಎತ್ತರ ಐದು ಅಡಿ ಒಂದು ಇಂಚು. ಮೊದಲ ಮೂರು ತಿಂಗಳು ಬರೀ ವಾಂತಿ. ಗಂಜಿ ತಿಳಿ, ಅದಕ್ಕೆ ಒಂದು ಹೋಳು ಉಪ್ಪಿನಕಾಯಿ, ಅಷ್ಟೇ ಒಳಗೆ ನಿಲ್ಲುತ್ತಿದ್ದದ್ದು. ಒಂದೂವರೆ ಕಿಲೋ ಇಳಿದೆ. ನಾಲ್ಕನೇ ತಿಂಗಳಲ್ಲಿ ವಾಂತಿ ನಿಂತು ಹಸಿವು ಬಂತು ನೋಡಿ, ಮನೆಯವರಿಗೆಲ್ಲ ಹಬ್ಬ. ಬೆಳಿಗ್ಗೆ ಆರು ನೀರುದೋಸೆ, ಜೊತೆಗೆ ಬೆಲ್ಲ ಕಾಯಿ. ಹನ್ನೊಂದಕ್ಕೆ ಬಾಳೆಹಣ್ಣು. ಮಧ್ಯಾಹ್ನ ಬಟ್ಟಲು ತುಂಬಾ ಅನ್ನ. ಸಂಜೆ ಆಫೀಸಿನಲ್ಲಿ ಯಾರಾದರೂ ಗೋಳಿಬಜೆ ಇಲ್ಲಾ ಬನ್ಸ್ ತರುತ್ತಿದ್ದರು, "ನಿನಗೆ ಆಸೆ ಆಗಿರ್ಬಹುದು" ಅಂತ. ಬೇಡ ಅಂದರೆ ಅವರಿಗೆ ಬೇಜಾರು. ಏಳನೇ ತಿಂಗಳಲ್ಲಿ ಬಯಕೆ, ಅಂದರೆ ಸೀಮಂತ, ಆಯಿತು. ಹೋಳಿಗೆ, ಲಾಡು, ಚಕ್ಕುಲಿ ತುಂಬಿದ ಡಬ್ಬಗಳು ಹತ್ತು ದಿನ ನನ್ನ ಮಂಚದ ಪಕ್ಕದಲ್ಲೇ ಇದ್ದವು.

ಮುಂದಿನ ತಪಾಸಣೆಗೆ ಹೋದಾಗ ಮುಳ್ಳು 71ಕ್ಕೆ ನಿಂತಿತು. "ಹೀಗೆ ತಿಂದರೆ ಹೆರಿಗೆ ಹೇಗೆ ಆಗ್ಬೇಕು ನಿಂಗೆ?" ಅಂತ ತೂಕ ನೋಡಿದವರು ಸಾಲಿನಲ್ಲಿ ಕೂತ ಹತ್ತು ಹೆಂಗಸರ ಎದುರು ಕೇಳಿದರು. ಅದೇ ದಿನ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದರು. 152 ಬಂತು. 140 ಮತ್ತು ಅದರ ಮೇಲೆ ಇದ್ದರೆ ಬಸುರಿನ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಉಡುಪಿ ಸಿಟಿ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತುಕೊಂಡೇ ಮನೆಗೆ ಬಂದೆ.

ಮನೆಗೆ ಬಂದು ತಾಯಿ ಕಾರ್ಡ್ ತೆಗೆದು ನೋಡಿದೆ. ತೂಕದ ಸಾಲು ಅಲ್ಲೇ ಇತ್ತು. 58, 56.5, 60, 64, ಈಗ 71. ಪ್ರತಿ ಸಲ ಯಾರೋ ಒಬ್ಬರು ಬರೆದಿದ್ದಾರೆ. ಒಬ್ಬರೂ ತಲೆ ಎತ್ತಿ, "ನಿಮಗೆ ಒಟ್ಟು ಇಷ್ಟು ಏರಿದರೆ ಸಾಕು" ಅಂತ ಹೇಳಿಲ್ಲ. ನನ್ನ ಸಿಟ್ಟು ಇದರ ಮೇಲೆ. ಬೈದದ್ದನ್ನು ಮರೆಯಬಹುದು. ಐದು ಸಲ ಬರೆದು ಒಂದು ಸಲವೂ ಹೇಳದ್ದನ್ನು ಮರೆಯಲು ನನಗೆ ಆಗಿಲ್ಲ. ಮನೆಯವರಿಗೆ ಗೊತ್ತಿರಲಿಲ್ಲ, ಪ್ರೀತಿಯಿಂದ ಬಡಿಸಿದರು. ಗೊತ್ತಿದ್ದವರು ಸುಮ್ಮನಿದ್ದರು.

ಕೊನೆಗೆ ಹೇಳಿಕೊಟ್ಟವಳು ಮಂಗಳೂರಿನ ಒಂದು ಚಿಕ್ಕ ಕ್ಲಿನಿಕ್‌ನಲ್ಲಿ ಸಿಕ್ಕ ಡಯಟೀಶಿಯನ್ ಹುಡುಗಿ. ಅರ್ಧ ಗಂಟೆ ಎದುರು ಕೂತು, ಕಾಗದದ ಮೇಲೆ ಬರೆದು ತೋರಿಸಿದಳು. ಬಸುರಾಗುವ ಮೊದಲಿನ ತೂಕ ಮತ್ತು ಎತ್ತರದಿಂದ ಬಿಎಂಐ ಅನ್ನುವ ಒಂದು ಅಂಕಿ ಲೆಕ್ಕ ಹಾಕುತ್ತಾರೆ. 18.5ಕ್ಕಿಂತ ಕಡಿಮೆ ಇದ್ದವರು ಒಂಬತ್ತು ತಿಂಗಳಲ್ಲಿ 12.5ರಿಂದ 18 ಕಿಲೋ ಏರಬೇಕು. 25ರ ಒಳಗಿದ್ದವರು 11.5ರಿಂದ 16. 25 ದಾಟಿದವರಿಗೆ 7ರಿಂದ 11.5 ಸಾಕು. 30 ದಾಟಿದರೆ 5ರಿಂದ 9. ಇದು ಅಮೆರಿಕದವರು 2009ರಲ್ಲಿ ಮಾಡಿದ ಲೆಕ್ಕ, ಇಲ್ಲಿನ ಡಾಕ್ಟರುಗಳೂ ಇದನ್ನು ಬಳಸುತ್ತಾರೆ. ನನ್ನದು 24 ಚಿಲ್ಲರೆ. ಆ ಲೆಕ್ಕದಲ್ಲಿ ನಾನು ಸರಿ ತೂಕದವಳು. ಆದರೆ ನಮ್ಮ ದೇಶದವರಿಗೆ 23 ದಾಟಿದರೇ ಜಾಸ್ತಿ ಅಂತ ಹಿಡಿಯುತ್ತಾರೆ, ಯಾಕೆಂದರೆ ನಮಗೆ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ಬರುತ್ತದೆ. ಈ ಒಂದು ಮಾತು ಮೊದಲ ದಿನವೇ ಗೊತ್ತಿದ್ದರೆ ನಾನು ಆರು ನೀರುದೋಸೆ ತಿನ್ನುತ್ತಿದ್ದೆನಾ?

ಏರಿದ ತೂಕ ಎಲ್ಲಿಗೆ ಹೋಗುತ್ತದೆ ಅಂತಲೂ ಅವಳು ಬರೆದಳು. ಮಗು ಸುಮಾರು ಮೂರು ಕಿಲೋ. ಮಾಸು, ಸುತ್ತಲಿನ ನೀರು, ದೊಡ್ಡದಾದ ಗರ್ಭಕೋಶ, ಹೆಚ್ಚಾದ ರಕ್ತ, ಎದೆ, ಮೈಯಲ್ಲಿ ನಿಲ್ಲುವ ನೀರು. ಉಳಿದ ಮೂರು ಕಿಲೋ ಆಸುಪಾಸು ಕೊಬ್ಬು, ಹಾಲೂಡಿಸಲು ದೇಹ ಕೂಡಿಡುವುದು. ಅದನ್ನು ಓದಿದಾಗ ನನಗೆ ಮೊದಲ ಸಲ ನನ್ನ ಮೈ ಬಗ್ಗೆ ನಾಚಿಕೆ ಹೋಯಿತು.

ಇನ್ನು ಇಬ್ಬರಿಗೆ ಉಣ್ಣುವ ಮಾತು. ಮೊದಲ ಮೂರು ತಿಂಗಳು ಹೆಚ್ಚಿಗೆ ಏನೂ ಬೇಡ. ಆಮೇಲೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚಿಗೆ. ಅಂದರೆ ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಮುಷ್ಟಿ ನೆಲಗಡಲೆ. ಅಷ್ಟೇ! ಇನ್ನೊಂದು ಊಟವೇ ಬೇಕಿಲ್ಲ.

ನಮ್ಮ ಅಮ್ಮನಿಗೆ ಕ್ಯಾಲೊರಿ ಅಂದರೆ ಅರ್ಥ ಆಗುವುದಿಲ್ಲ. ಸೌಟು ಅಂದರೆ ಆಗುತ್ತದೆ. ಅನ್ನ ಮೂರು ಸೌಟು ಇದ್ದದ್ದು ಒಂದೂವರೆಗೆ ಇಳಿಯಿತು. ಅಮ್ಮ ಬಡಿಸಿ ಕೈ ತಡೆದು ನಿಲ್ಲುತ್ತಿದ್ದರು, ಬಟ್ಟಲಿನ ಖಾಲಿ ಜಾಗ ನೋಡಲಾಗದೆ. ಆ ಜಾಗಕ್ಕೆ ಬಸಳೆ ಬಂತು, ಹೆಸರುಕಾಳು ಗಸಿ ಬಂತು, ಎರಡು ಬಂಗುಡೆ ಬಂತು. ಕುಚಲಕ್ಕಿ ಒಳ್ಳೆಯದು ನಿಜ, ಬಿಳಿ ಅಕ್ಕಿಗಿಂತ ಒಳ್ಳೆಯದೇ. ಆದರೂ ಅನ್ನ ಅನ್ನವೇ. ಕುಚಲಕ್ಕಿ ಅಂತ ಬೆಟ್ಟದಷ್ಟು ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ನಾನು ಬೆರಳು ಚುಚ್ಚಿ ನೋಡಿದ್ದೇನೆ. ಮೂರು ಸೌಟು ಉಂಡ ದಿನ ಎರಡು ಗಂಟೆಯ ಮೇಲೆ 148, ಒಂದೂವರೆ ಸೌಟು ಉಂಡು ಅಂಗಳದಲ್ಲಿ ಇಪ್ಪತ್ತು ನಿಮಿಷ ನಡೆದ ದಿನ 114. ನನಗೆ ಹೇಳಿದ್ದ ಗುರಿ 120ರ ಒಳಗೆ. ಆ ಮೀಟರಿಗಿಂತ ದೊಡ್ಡ ಗುರು ನನಗೆ ಸಿಗಲಿಲ್ಲ.

ಮೀನಿನ ಬಗ್ಗೆ ನಮ್ಮಲ್ಲೇ ನೂರು ಮಾತು. ಬಂಗುಡೆ, ಬೂತಾಯಿ ಧೈರ್ಯವಾಗಿ ತಿನ್ನಿ. ಚಿಕ್ಕ ಮೀನು, ಪಾದರಸ ಕಡಿಮೆ, ಮಗುವಿನ ಮಿದುಳಿಗೆ ಬೇಕಾದ ಕೊಬ್ಬು ಅದರಲ್ಲಿ ಉಂಟು. ತಾಟೆ, ಅಂದರೆ ಶಾರ್ಕ್, ಬೇಡ. ದೊಡ್ಡ ಮೀನುಗಳ ಮೈಯಲ್ಲಿ ಪಾದರಸ ಸೇರಿಕೊಳ್ಳುತ್ತಾ ಹೋಗುತ್ತದೆ. ಹುರಿಯುವ ಬದಲು ಪುಳಿಮುಂಚಿ ಸಾರು ಮಾಡಿದರೆ ಎಣ್ಣೆ ಉಳಿಯಿತು. ಜೂನ್, ಜುಲೈ ಎರಡು ತಿಂಗಳು ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ತಾಜಾ ಮೀನು ಕಡಿಮೆ, ರೇಟೂ ಜಾಸ್ತಿ. ಆಗ ಎಲ್ಲರ ಮನೆಯಲ್ಲೂ ಒಣಮೀನು ಚಟ್ನಿ. ಅದರಲ್ಲಿ ಇರುವುದು ಬರೀ ಉಪ್ಪು, ಬಿಪಿ ಇರುವ ಬಸುರಿಗೆ ಅದು ಬೇಡ. ಆ ಎರಡು ತಿಂಗಳು ಹುರುಳಿ ಸಾರು, ಮೊಟ್ಟೆ, ಕಡಲೆ. ಮೀನು ಮುಟ್ಟದ ಮನೆಯವರಿಗಂತೂ ವರ್ಷಪೂರ್ತಿ ಕಾಳೇ ಆಧಾರ. ಮಾಗಿದ ಪಪ್ಪಾಯಿ ತಿಂದರೆ ಏನೂ ಆಗುವುದಿಲ್ಲ, ಕಾಯಿ ಪಪ್ಪಾಯಿ ಮಾತ್ರ ಬೇಡ.

ಕಬ್ಬಿಣದ ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿಯಬೇಡಿ. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬಾರದು, ಬೇರೆ ಹೊತ್ತಿಗೆ. ಬಸಳೆಗೆ ಒಂದಿಷ್ಟು ಲಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಇಷ್ಟು ಓದಿ ಯಾರೂ ಊಟ ಬಿಡಬೇಡಿ, ಕೈ ಮುಗಿಯುತ್ತೇನೆ. ನಮ್ಮಲ್ಲಿ ಇನ್ನೊಂದು ತಪ್ಪೂ ಉಂಟು. ಮಗು ಚಿಕ್ಕದಿದ್ದರೆ ಹೆರಿಗೆ ಸುಲಭ ಅಂತ ಕಡಿಮೆ ಉಣ್ಣುವವರಿದ್ದಾರೆ. ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಅಂತ ಮಾತ್ರೆಯನ್ನೇ ಬಿಸಾಡುವವರಿದ್ದಾರೆ. ನಮ್ಮ ಆಫೀಸಿಗೆ ಗುಡಿಸಲು ಬರುತ್ತಿದ್ದ ಹುಡುಗಿ ಎಂಟನೇ ತಿಂಗಳಲ್ಲಿ ಬರೀ 44 ಕಿಲೋ ಇದ್ದಳು. ಅವಳ ಮುಂದೆ ನಿಂತು "ತೂಕ ನೋಡ್ಕೋ" ಅಂತ ಹೇಳಿದರೆ ಅದು ಪಾಪ. ಅವಳಿಗೆ ಬೇಕಾದದ್ದು ಇನ್ನೊಂದು ಸೌಟು ಅನ್ನ ಮತ್ತು ಎರಡು ಮೊಟ್ಟೆ. ಅಂಗನವಾಡಿಯಲ್ಲಿ 2017ರಿಂದ ಬಸುರಿಯರಿಗೆ ಮಾತೃಪೂರ್ಣ ಯೋಜನೆಯ ಬಿಸಿಯೂಟ ಉಂಟು ಅಂತ ಅವಳಿಗೆ ಹೇಳಿದವರು ಯಾರೂ ಇರಲಿಲ್ಲ. ಅದಕ್ಕೇ ಹೇಳುವುದು, ಒಬ್ಬೊಬ್ಬರ ಲೆಕ್ಕ ಬೇರೆ. ಆ ಲೆಕ್ಕವನ್ನು ಮೊದಲ ಭೇಟಿಯಲ್ಲೇ, ಕೂರಿಸಿ, ಅವಳ ಭಾಷೆಯಲ್ಲಿ ಹೇಳಬೇಕು. ಐದು ನಿಮಿಷದ ಕೆಲಸ. ಜೊತೆಗೆ ಅತ್ತೆಯನ್ನೋ ಅಮ್ಮನನ್ನೋ ಒಳಗೆ ಕರೆಯಬೇಕು, ಸೌಟು ಇರುವುದು ಅವರ ಕೈಯಲ್ಲಿ ಅಲ್ವಾ?

ನನಗೆ ಕೊನೆಗೆ 74 ಆಯಿತು. ಇನ್ಸುಲಿನ್ ಬೇಕಾಗಲಿಲ್ಲ. ಮಗಳು 3.1 ಕಿಲೋ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿದೆ, ಸರಿ ಇತ್ತು. ಆದರೆ ಒಮ್ಮೆ ಹೀಗೆ ಬಂದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ, ಹಾಗಾಗಿ ವರ್ಷಕ್ಕೊಮ್ಮೆ ಮಾಡಿಸುತ್ತಿದ್ದೇನೆ. ಮಗು ಹುಟ್ಟಿತು, ಮುಗಿಯಿತು ಅಂತ ಬಿಡುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ.

ನಿನ್ನೆ ಊಟ ಮುಗಿದ ಮೇಲೆ ಚಿಕ್ಕಮ್ಮನ ಹತ್ತಿರ ಅಡುಗೆಮನೆಯಲ್ಲಿ ಕೂತು ಇದೆಲ್ಲ ಹೇಳಿದೆ. ಮೊದಲು ಮುಖ ಸಣ್ಣ ಮಾಡಿಕೊಂಡರು, "ನಾನು ಅವಳಿಗೆ ವಿಷ ಹಾಕಿದೆನಾ?" ಅಂದರು. ಅವರ ಕೈ ಹಿಡಿದುಕೊಂಡೆ. ತಂಗಿಯ ತಾಯಿ ಕಾರ್ಡ್ ತರಿಸಿ ಇಬ್ಬರೂ ಒಟ್ಟಿಗೆ ನೋಡಿದೆವು. ಶುಭಕಾರ್ಯ ಮಾಡದ ಆಟಿ ತಿಂಗಳು ಬರುವ ಮೊದಲೇ, ಜುಲೈ ಮೊದಲ ವಾರದಲ್ಲಿ ಬಯಕೆ ಇಡಬೇಕು ಅಂತ ಅವರ ಆಸೆ. ಇಡಲಿ, ಹೋಳಿಗೆಯೂ ಆಗಲಿ. ಸಕ್ಕರೆ ಪರೀಕ್ಷೆ ಮಾಡಿಸಬೇಕಾದದ್ದು 24ರಿಂದ 28ನೇ ವಾರದ ಒಳಗೆ. ಅವಳಿಗೆ 24 ತುಂಬುವುದು ಜೂನ್ ಮೂರನೇ ವಾರ. ಗೋಡೆಯ ಕ್ಯಾಲೆಂಡರಿನಲ್ಲಿ ಚಿಕ್ಕಮ್ಮನೇ ಆ ದಿನಕ್ಕೆ ಸುತ್ತು ಹಾಕಿದರು, ಬಯಕೆಯ ದಿನಕ್ಕಿಂತ ಮೊದಲು.